ಆಪರೇಟರ್ ಆರಿಸಿದ ಮೈಕ್

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ವಿಕ್ರೋಳಿಯ ನಮ್ಮ ಕಾರ್ಖಾನೆಯಲ್ಲಿ ಯಾರೂ ಅವರನ್ನು ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಲ್ಲ. ಗೇಟಿನ ವಾಚ್‌ಮನ್‌ನಿಂದ ಹಿಡಿದು ದೊಡ್ಡ ಸಾಹೇಬರ ತನಕ ಎಲ್ಲರಿಗೂ ಅವರು ‘ಆಪರೇಟರ್ ಸಾಬ್’. ಹೋದ ಆಷಾಢದಲ್ಲಿ, ಬೈಕುಲ್ಲಾದ ಚಾಳಿನ ಕೋಣೆಯಲ್ಲಿ ತೀರಿಕೊಂಡರು. ನನಗೆ ಗೊತ್ತಾದದ್ದು ಮರುದಿನ, ಕಾರ್ಖಾನೆಯ ಹಳಬರ ವಾಟ್ಸಾಪ್ ಗುಂಪಿನಲ್ಲಿ. ಒಂದು ಹಳೆಯ ಫೋಟೋ, ಅದರ ಕೆಳಗೆ ಕೈಮುಗಿದ ಚಿತ್ರಗಳು. ನಾನು ಅಕ್ಕಿ ತೊಳೆಯುತ್ತಿದ್ದೆ. ನಿಂತಲ್ಲೇ ಓದಿದೆ.

ಅವರು ವಿಜಾಪುರದ ಕಡೆಯವರು. ಆರನೇ ವರ್ಷದಲ್ಲಿ ಸಿಡುಬು ಬಂದು ಎರಡೂ ಕಣ್ಣು ಹೋಗಿದ್ದವು. ಟೆಲಿಫೋನ್ ತರಬೇತಿ ಮುಗಿಸಿ ಇಪ್ಪತ್ತರ ಆಸುಪಾಸಿನಲ್ಲಿ ಮುಂಬಯಿಗೆ ಬಂದವರು ನಮ್ಮ ಎಕ್ಸ್‌ಚೇಂಜ್ ರೂಮಿನಲ್ಲೇ ಮುದುಕರಾದರು. ಆ ರೂಮು ಟೈಮ್ ಆಫೀಸಿನ ಹಿಂದೆ ಇತ್ತು. ಕಿಟಕಿ ಇರಲಿಲ್ಲ. ಅವರ ಕೈಕೆಳಗೆ ಕೆಲಸ ಕಲಿಯಲು ನನ್ನನ್ನು ಹಾಕಿದ ದಿನ, ಬಾಗಿಲಲ್ಲಿ ನಿಂತು ಹೆಸರು ಮಾತ್ರ ಹೇಳಿದೆ. ಅವರು ತಲೆಯನ್ನು ಎಡಕ್ಕೆ ಸ್ವಲ್ಪ ವಾಲಿಸಿದರು.

“ಉಡುಪಿ ಕಡೇದಾಕಿ,” ಅಂದರು. “ಗೋಡೀಗೆ ಆತು ನಿಂತೀದಿ. ಮುಂಜಾನೆಯಿಂದ ಏನೂ ತಿಂದಿಲ್ಲ.”

ಮೂರೂ ನಿಜ. ಗೋರೆಗಾಂವ್‌ನಿಂದ ದಾದರ್‌ಗೆ ಬಂದು, ಗಾಡಿ ಬದಲಿಸಿ ವಿಕ್ರೋಳಿ ಮುಟ್ಟುವ ಗಡಿಬಿಡಿಯಲ್ಲಿ ಚಾ ಕೂಡ ಕುಡಿದಿರಲಿಲ್ಲ. “ನಿಮಗೆ ಹೇಗೆ ಗೊತ್ತಾಯ್ತು ಸರ್?” ಅಂದೆ.

“ಮಂದಿ ಸುಳ್ಳ ಹೇಳ್ತಾರ ತಂಗಿ. ದನಿ ಹೇಳೂದಿಲ್ಲ.”

ಅವತ್ತಿನಿಂದ ಹನ್ನೊಂದು ವರ್ಷ ನಾನು ಅವರ ಎಡಗಡೆಯ ಕುರ್ಚಿಯಲ್ಲಿ ಕೂತೆ. ಬೆಳಿಗ್ಗೆ ಬಂದವರೇ ಹತ್ತಿಗೆ ಸ್ಪಿರಿಟ್ ಹಚ್ಚಿ ಹೆಡ್‌ಸೆಟ್ಟಿನ ಬಾಯಿ ಒರೆಸುತ್ತಿದ್ದರು. ಮೊದಲು ತಮ್ಮದು, ಆಮೇಲೆ ನನ್ನದು. ನಾನೇ ಒರೆಸಿಕೊಳ್ಳುತ್ತೇನೆ ಅಂದರೆ ಕೇಳುತ್ತಿರಲಿಲ್ಲ. ಕಾರ್ಖಾನೆಯ ಅಷ್ಟೂ ಡಿಪಾರ್ಟ್‌ಮೆಂಟಿನವರನ್ನು ‘ಹಲೋ’ ಅನ್ನುವುದರೊಳಗೆ ಗುರುತಿಸುತ್ತಿದ್ದರು. ಯಾರಾದರೂ ‘ಹಲೋ ಹಲೋ’ ಎಂದು ಎರಡು ಸಲ ಅಂದರೆ ಮಾತ್ರ ಸಿಟ್ಟು. “ಒಂದ್ಸಲ ಸಾಕ್ರೀ, ನನಗ ಕಣ್ಣಿಲ್ಲ, ಕಿವಿ ಅದಾವ” ಅನ್ನುತ್ತಿದ್ದರು.

ಆ ಕಾಲದಲ್ಲಿ ಶಾಪಿನಲ್ಲಿ, ಅಂದರೆ ಮೆಷಿನ್‌ಗಳ ಮೇಲೆ, ಕೆಲಸ ಮಾಡುವ ನಮ್ಮ ಕನ್ನಡದವರ ಮನೆಗಳಲ್ಲಿ ಫೋನ್ ಇರಲಿಲ್ಲ. ಊರಿನಿಂದ ಏನೇ ಬಂದರೂ ಟ್ರಂಕ್ ಕಾಲ್ ಕಾರ್ಖಾನೆಗೇ. ಹುಟ್ಟಿದ್ದು ಅಷ್ಟಾಗಿ ಯಾರೂ ಫೋನ್ ಮಾಡಿ ಹೇಳುತ್ತಿರಲಿಲ್ಲ, ಸತ್ತದ್ದನ್ನೇ ಹೇಳುತ್ತಿದ್ದರು. ಅಂಥ ಕಾಲ್ ಬಂದರೆ ಅವರು ಲೈನನ್ನು ಶಾಪಿಗೆ ಕೊಡುತ್ತಿರಲಿಲ್ಲ. ಊರವರ ಹತ್ತಿರ ತಾವೇ ಎಲ್ಲ ಕೇಳಿ ತಿಳಿದುಕೊಂಡು, ಸೂಪರ್‌ವೈಸರ್‌ಗೆ ಫೋನ್ ಮಾಡಿ, ಕಾಲ್ ಬಂದವನ ಮೆಷಿನ್ ನಿಲ್ಲಿಸಿ ಅವನನ್ನು ಕಳಿಸಿ ಎನ್ನುತ್ತಿದ್ದರು. ಮೆಷಿನ್ ನಿಲ್ಲಿಸಿದರೋ ಇಲ್ಲವೋ ಎಂದು ಎರಡು ಸಲ ವಿಚಾರಿಸುತ್ತಿದ್ದರು.

ಅಫಜಲಪುರದ ಒಬ್ಬ ಫಿಟ್ಟರ್ ಬಂದದ್ದು ನನಗೆ ಚೆನ್ನಾಗಿ ನೆನಪಿದೆ. ಕೈಯ ಎಣ್ಣೆ ಒರೆಸಿಕೊಳ್ಳುತ್ತ ನಗುತ್ತಲೇ ಬಂದ. ಅವರು ತಮ್ಮ ಕುರ್ಚಿಯನ್ನೇ ಅವನಿಗೆ ಕೊಟ್ಟರು. ನನ್ನಿಂದ ನೀರು ತರಿಸಿದರು. ಅವನ ಮೊಣಕಾಲ ಮೇಲೆ ಕೈ ಇಟ್ಟು, “ನಿಮ್ಮವ್ವ ಇವತ್ತ ಹೊತ್ತೇರೂದ್ರಾಗ ಹೋದ್ಲಪಾ” ಅಂದರು. ಅಷ್ಟೇ. ಅವನು ಅಳುವಷ್ಟು ಹೊತ್ತೂ ಕೈ ತೆಗೆಯಲಿಲ್ಲ, ಬೇರೆ ಮಾತೂ ಆಡಲಿಲ್ಲ. ಲೈನ್ ಜೋಡಿಸುವ ಬೋರ್ಡಿನಲ್ಲಿ ಕರೆಗಳ ದೀಪ ಹತ್ತುತ್ತಲೇ ಇದ್ದವು, ನಾನೊಬ್ಬಳೇ ಸಂಭಾಳಿಸಿದೆ.

ಅವನು ಹೋದ ಮೇಲೆ ನನಗೆ ಹೇಳಿದರು: “ಕೆಟ್ಟ ಸುದ್ದಿ ಸುತ್ತಿ ಬಳಸಿ ಹೇಳಬಾರದು. ಕುಂದ್ರಸಬೇಕು, ನೀರು ಕೊಡಬೇಕು, ಒಂದಽ ಮಾತಿನಾಗ ಹೇಳಬೇಕು. ಆಮ್ಯಾಲೆ ಅವನ ಸಂಗಾಟ ಸುಮ್ನ ಕುಂದ್ರಬೇಕು. ಭಾಳ ಮಂದಿ ಈ ಕಡೀದ್ದನ್ನ ಮಾಡೂದಿಲ್ಲ.”

ಮೊಬೈಲ್ ಬಂತು. ಬೋರ್ಡು ಹೋಗಿ ತಾನಾಗಿಯೇ ಲೈನ್ ಜೋಡಿಸುವ ಯಂತ್ರ ಬಂತು. ಅವರನ್ನು ರಿಸೆಪ್ಶನ್ನಿನ ಮೂಲೆಯಲ್ಲಿ, ರಿಂಗಾಗದ ಒಂದು ಫೋನಿನ ಮುಂದೆ ಕೂರಿಸಿದರು. ಗಂಟೆಗೊಮ್ಮೆ ಎತ್ತಿ ಟೋನ್ ಇದೆಯೇ ಎಂದು ನೋಡಿ ಇಡುತ್ತಿದ್ದರು. ಹಾಗೆಯೇ ಕೊನೆಯ ಮೂರು ವರ್ಷ ಕಳೆದು, ಒಂದು ಶಾಲು ಹೊದಿಸಿಕೊಂಡು ಮನೆಗೆ ಹೋದರು. ನಾನೂ ಸ್ವಲ್ಪ ದಿನಕ್ಕೆ ಕೆಲಸ ಬಿಟ್ಟೆ. ಆದರೆ ವಾರಕ್ಕೊಮ್ಮೆ ಫೋನ್ ತಪ್ಪುತ್ತಿರಲಿಲ್ಲ. ಎರಡು ತಿಂಗಳಿಗೊಮ್ಮೆ ಬೈಕುಲ್ಲಾಕ್ಕೆ ಹೋಗಿ ವೈನಿಯ ಕೈಯ ಜೋಳದ ರೊಟ್ಟಿ ತಿಂದು ಬರುತ್ತಿದ್ದೆ. ಅವರ ಹೆಂಡತಿಯನ್ನು ನಾನು ಅವರ ಕಡೆಯ ಮಾತಿನಲ್ಲೇ ವೈನಿ ಎನ್ನುತ್ತಿದ್ದೆ. ಮಕ್ಕಳಿರಲಿಲ್ಲ.

ಪಾಡ್‌ಕಾಸ್ಟಿನ ಹುಚ್ಚು ಹಚ್ಚಿದವಳು ನನ್ನ ಮಗಳು ನಿಶಾ. ಗೋರೆಗಾಂವ್‌ನ ಒಂದು ಡಬ್ಬಿಂಗ್ ಸ್ಟುಡಿಯೋದಲ್ಲಿ ಅವಳಿಗೆ ಸೌಂಡ್ ಎಡಿಟಿಂಗ್ ಕೆಲಸ. ಒಮ್ಮೆ ನನ್ನ ಜೊತೆ ಬಂದಿದ್ದಳು. ಅವರು ಟ್ರಂಕ್ ಕಾಲ್‌ಗಳ ಕಥೆ ಹೇಳುತ್ತ ಹೋದರೆ ಇವಳು ಬಾಯಿ ಬಿಟ್ಟುಕೊಂಡು ಕೇಳಿದಳು. “ಅಂಕಲ್, ಇದನ್ನ ರೆಕಾರ್ಡ್ ಮಾಡ್ಬೇಕು. ಪಾಡ್‌ಕಾಸ್ಟ್. ಲೋಗ್ ಸುನೇಂಗೆ, ಸಚ್ಚಿ. ಬರೀ ವಾಯ್ಸ್ ಸಾಕು, ಮುಖ ಬೇಡ,” ಅಂದಳು.

“ಬರೇ ದನಿ ಸಾಕಾ?” ಅಂದರು ಅವರು. ಮತ್ತೆ ಅದನ್ನೇ ಕೇಳಿದರು. “ಮಾರಿ ಬ್ಯಾಡ?”

ನಿವೃತ್ತಿಯಾದ ಮೇಲೆ ಅವರ ದನಿಯಲ್ಲಿ ಅಂಥ ಚುರುಕನ್ನು ನಾನು ಕೇಳಿರಲಿಲ್ಲ. ನಿಶಾ ಮೈಕುಗಳ ವಿಷಯ ಹೇಳಿದಳು. ಒಂದು ಜಾತಿಯದು ಭಾರಿ ಸೂಕ್ಷ್ಮ. ಪಕ್ಕದ ಮನೆಯ ಕುಕ್ಕರ್, ಗ್ಯಾಲರಿಯಲ್ಲಿ ಬಟ್ಟೆ ಒಗೆಯುವವರ ಮಾತು, ಬೈಕುಲ್ಲಾ ಸ್ಟೇಷನ್ನಿನ ಅನೌನ್ಸ್‌ಮೆಂಟು ಎಲ್ಲವನ್ನೂ ಹಿಡಿಯುತ್ತದೆ, ಅದಕ್ಕೆ ಸ್ಟುಡಿಯೋದಂಥ ಕೋಣೆ ಬೇಕು. ಇನ್ನೊಂದು ಜಾತಿಯದು ಬಾಯಿಯ ಹತ್ತಿರ ನಾಲ್ಕು ಬೆರಳಿನೊಳಗೆ ಆಡಿದ್ದನ್ನು ಮಾತ್ರ ಕೇಳುತ್ತದೆ, ಡೈನಮಿಕ್ ಅನ್ನುತ್ತಾರೆ. ಚಾಳಿನ ಕೋಣೆಗೆ ಅದೇ ಸರಿ. ಅವರು ಒಂದೊಂದೇ ಪ್ರಶ್ನೆ ಕೇಳಿ ಮನಸ್ಸಿಗೆ ಹಾಕಿಕೊಂಡರು. “ನೀ ಹೇಳಿದ್ದೆಲ್ಲಾ ಖರೆ ಇರಬೇಕವ್ವಾ. ಆದ್ರ ಆರಸಾಂವ ನಾ. ಇಷ್ಟ ವರ್ಷ ಕಿವಿ ಮ್ಯಾಲ ಅನ್ನ ಉಂಡೀನಿ,” ಅಂದರು.

ಅವತ್ತು ಲ್ಯಾಮಿಂಗ್ಟನ್ ರೋಡಿಗೆ ಹೋದದ್ದು ನಾವಿಬ್ಬರೇ. ನಿಶಾಗೆ ರಜೆ ಸಿಕ್ಕಿರಲಿಲ್ಲ. ಅವಳು ಬಂದಿದ್ದರೆ ಎಲ್ಲ ಬೇರೆಯಾಗುತ್ತಿತ್ತು ಎಂದು ಎಷ್ಟೋ ಸಲ ಅನ್ನಿಸಿದೆ.

ಮೈಕುಗಳನ್ನೇ ಮಾರುವ ಅಂಗಡಿ. ಹಿಂದುಗಡೆ ಗಾಜಿನ ಒಂದು ಚಿಕ್ಕ ಕೋಣೆ. ಅಲ್ಲಿ ಮಾತಾಡಿ ಪರೀಕ್ಷೆ ಮಾಡಬಹುದು. ಅಂಗಡಿಯವ ವಯಸ್ಸಾದ ಸಭ್ಯ ಮನುಷ್ಯ. ನಾಲ್ಕು ಮೈಕುಗಳನ್ನು ಸಾಲಾಗಿ ಇಟ್ಟು, “ಆರಾಮ್ ಸೆ ದೇಖಿಯೇ” ಎಂದವನು, ನೋಡಿ ಎಂದದ್ದು ತಪ್ಪಾಯಿತೆಂದು ಗೊತ್ತಾಗಿ, “ಸುನಿಯೇ” ಎಂದು ತಿದ್ದಿಕೊಂಡ. ಅವರು ಒಂದೊಂದನ್ನೂ ಕೈಯಿಂದ ಸವರಿ ತೂಕ ನೋಡಿದರು. ಎಲ್ಲದಕ್ಕೂ ಒಂದೇ ವಾಕ್ಯ ಹೇಳಿದರು. ಮನೆಯಲ್ಲೇ ಕಟ್ಟಿಕೊಂಡು ಬಂದಿದ್ದರು:

“ಸಂಜೀಕ ಸೊಲ್ಲಾಪುರದ ಸಂಗಪ್ಪಂದು ಸುದ್ದಿ ಬರ್ತೈತಿ, ಶಿಸ್ತಿಲೆ ಕೂಡ್ರಿ.”

ನನಗೆ ವಿವರಿಸಿದರು: “ಟೆಲಿಫೋನ್‌ನಾಗ ‘ಸ’ ಯಾವದು ‘ಫ’ ಯಾವದು ತಿಳೀತಿರಲಿಲ್ಲ. ಅದಕ್ಕಽ ‘ಸ’ ಇಟ್ಟಽ ಪರೀಕ್ಷಾ ಮಾಡಬೇಕು.”

ಅಂಗಡಿಯವ ಮೊದಲ ಮೈಕಿನದನ್ನು ಸ್ಪೀಕರಿನಲ್ಲಿ ಹಾಕಿದ. ಚಾಳಿನ ಕೋಣೆಗೆ ಸರಿ ಎಂದು ನಿಶಾ ಹೇಳಿದ ಡೈನಮಿಕ್ ಜಾತಿಯದು. ನಾನು ಬೆಚ್ಚಿಬಿದ್ದೆ. ಎಕ್ಸ್‌ಚೇಂಜ್ ರೂಮಿನಲ್ಲಿ ನನ್ನ ಬಲಗಿವಿಗೆ ಹನ್ನೊಂದು ವರ್ಷ ಕೇಳಿದ ದನಿ ಅದು. ಗಂಟಲಿನ ಆ ಸಣ್ಣ ಕರಕರಿಯ ಸಮೇತ ಹಾಗೇ ಇತ್ತು. ಅವರು ಮಾತ್ರ ತಲೆಯಾಡಿಸಿದರು.

“ಬ್ಯಾಡ. ಬಾಯಾಗ ಅರಿವಿ ತುರುಕಿಧಂಗ ಐತಿ.”

ಎರಡನೆಯದೂ ಬೇಡವಾಯಿತು. ಮೂರನೆಯದು ಸೂಕ್ಷ್ಮ ಜಾತಿಯ ಅಗ್ಗದ ಮೈಕು. ಅದರಲ್ಲಿ ಅವರ ಒಂದೊಂದು ‘ಸ’ವೂ ಸೀಟಿ ಊದಿದ ಹಾಗೆ ಕಿವಿಗೆ ಚುಚ್ಚಿತು. ಮಾತಿನ ಹಿಂದೆ ಕಾದ ಎಣ್ಣೆಯಂಥ ಒಂದು ಸದ್ದು, ಚುಯ್ಯ್ ಎಂದು, ಬಿಡದೆ. ಅಂಗಡಿಯವ ಮುಖ ಕಿವುಚಿ ಸ್ಪೀಕರ್ ಸಣ್ಣ ಮಾಡಲು ಕೈಚಾಚಿದ.

“ಇದಽ!” ಅಂದರು ಅವರು. ಮುಖ ಅರಳಿತ್ತು. “ಕೇಳಿದ್ಯಾ ತಂಗಿ? ಎಷ್ಟ ಸ್ವಚ್ಛ! ಒಂದೊಂದ ಅಕ್ಷರ ಆರಿಸಿ ಇಟ್ಟಂಗ ಐತಿ. ಮತ್ತೊಮ್ಮೆ ಹಚ್ಚರಿ.”

ಮತ್ತೊಮ್ಮೆ ಹಾಕಿದ. ಅವರು ತಲೆಯನ್ನು ಎಡಕ್ಕೆ ವಾಲಿಸಿ ಕೇಳಿದರು. ಅಂಗಡಿಯವ ನನ್ನ ಕಡೆ ನೋಡಿದ. ಅವರನ್ನು ತೋರಿಸಿ, ತನ್ನ ಕಿವಿ ಮುಟ್ಟಿಕೊಂಡು, ಇವರಿಗೆ ಕೇಳಿಸುವುದಿಲ್ಲವೇ ಎಂದು ಸನ್ನೆ ಮಾಡಿದ. ಅಲ್ಲಿಯ ತನಕ ನನಗೆ ಹೊಳೆದಿರಲಿಲ್ಲ. ಎಲ್ಲ ಒಟ್ಟಿಗೆ ನೆನಪಾಯಿತು: ಈಚೆಗೆ ಫೋನಿನಲ್ಲಿ ನಾನು ಹೇಳಿದ್ದನ್ನು ಎರಡು ಸಲ ಹೇಳಿಸುತ್ತಿದ್ದದ್ದು, ವೈನಿ ಟೀವಿಯ ಸದ್ದು ಜಾಸ್ತಿಯಾಯಿತೆಂದು ಗೊಣಗುತ್ತಿದ್ದದ್ದು, ನಿಶಾ ಎಂಬ ಹೆಸರನ್ನು ಅವರು ಯಾವಾಗಲೂ ‘ನೀತಾ’ ಎನ್ನುತ್ತಿದ್ದದ್ದು. ‘ಸ’, ‘ಶ’ಗಳಂಥ ಸಣ್ಣ, ಎತ್ತರದ ಸ್ವರಗಳು ಅವರ ಕಿವಿಯಿಂದ ಯಾವಾಗಲೋ ಹೋಗಿಬಿಟ್ಟಿದ್ದವು. ಅದಕ್ಕೇ ಒಳ್ಳೆಯ ಮೈಕು ಅವರಿಗೆ ಮಂಕಾಗಿ ಕೇಳಿಸಿತು, ಚುಚ್ಚುವ ಮೈಕು ಸರಿಯಾಗಿ ಕೇಳಿಸಿತು.

ನಾನು ಅಂಗಡಿಯವನಿಗೆ ಕೈ ಮಾಡಿ, ಬೇಡ, ಹೇಳಬೇಡ ಎಂದೆ. ಕಣ್ಣಿಲ್ಲದ ಮನುಷ್ಯನನ್ನು ನಡುವೆ ಕೂರಿಸಿಕೊಂಡು ಕಣ್ಣಿದ್ದ ನಾವಿಬ್ಬರು ಸನ್ನೆಯಲ್ಲಿ ಮಾತಾಡಿ ಮುಗಿಸಿದೆವು. ಅವರು ಆ ಹೊತ್ತಿಗೆ ಮೈಕನ್ನು ತಮ್ಮ ಚೀಲಕ್ಕೆ ಹಾಕಲು ಕೇಳುತ್ತಿದ್ದರು, ಡಬ್ಬಿ ಬೇಡ ಎನ್ನುತ್ತಿದ್ದರು.

ಮನೆಗೆ ಬಂದು ನಿಶಾಗೆ ಹೇಳಿದೆ. ಅವಳು ನನ್ನನ್ನೇ ನೋಡಿದಳು. “ಅಮ್ಮಾ, ನೀನು ಅವರಿಗೆ ಹೇಳ್ಬೇಕಿತ್ತು. ಯೇ ಗಲತ್ ಹೈ.”

“ಹೇಳ್ತೇನೆ ಮಾರಾಯ್ತಿ. ಈಗ ಖುಷಿಯಲ್ಲಿದ್ದಾರೆ. ಸ್ವಲ್ಪ ದಿನ ಹೋಗ್ಲಿ.”

ದಿನ ಹೋಯಿತು. ಅವರು ಮಧ್ಯಾಹ್ನ ಊಟವಾದ ಮೇಲೆ ಬಾಗಿಲು ಹಾಕಿಸಿ, ಫ್ಯಾನ್ ನಿಲ್ಲಿಸಿ, ಬೆವರುತ್ತ ಕೂತು ಮಾತಾಡುತ್ತಿದ್ದರು. ಹೆಡ್‌ಫೋನಿನಲ್ಲಿ ತಾವೇ ಕೇಳಿ ಒಪ್ಪಿಕೊಂಡ ಮೇಲೆ, ನಿಶಾ ಹೇಳಿಕೊಟ್ಟ ಹಾಗೆ ಫೋನಿನಿಂದ ಅವಳಿಗೆ ಕಳಿಸುತ್ತಿದ್ದರು. ಅವಳು ಆ ಚುಯ್ಯ್ ಸದ್ದನ್ನು ಆದಷ್ಟು ಕಡಿಮೆ ಮಾಡಿ ಇಂಟರ್ನೆಟ್ಟಿಗೆ ಹಾಕುತ್ತಿದ್ದಳು. ಸೀಟಿ ಮಾತ್ರ ಪೂರ್ತಿ ಹೋಗುತ್ತಿರಲಿಲ್ಲ. ಏಳು ಕಂತು ಬಂದವು. ಮೊದಲನೆಯದರಲ್ಲಿ ಆ ಫಿಟ್ಟರನ ಕಥೆ. ಎಂಥ ಮಾತುಗಾರಿಕೆ ಅಂತೀರಿ! ಒಂದು ಪದ ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಆದರೆ ಕೇಳಿದವರು ಹತ್ತಿಪ್ಪತ್ತು ಮಂದಿ ಇರಬಹುದು, ಅವರೂ ಪೂರ್ತಿ ಕೇಳುತ್ತಿರಲಿಲ್ಲ. ನಾನು ಪ್ರತಿ ಸಲ ಫೋನ್ ಮಾಡಿ, “ಭಾರಿ ಚಂದ ಉಂಟು ಸರ್” ಎನ್ನುತ್ತಿದ್ದೆ.

ಕಡೆಗೆ ಹೇಳಿದವರು ಸ್ಟೋರ್ಸಿನಲ್ಲಿ ಕೆಲಸ ಮಾಡಿದ್ದ ಒಬ್ಬ ಹಳೆಯ ಗೆಳೆಯ. ಫೋನಿನಲ್ಲಿ, ನಗುತ್ತ, ‘ಆಪರೇಟರ್ ಸಾಬ್, ಕಥೆ ಫಸ್ಟ್ ಕ್ಲಾಸ್, ಆದರೆ ಹಿಂದೆ ಏನು ಒಗ್ಗರಣೆ ಹಾಕ್ತಾ ಇರ್ತೀರಾ?’ ಎಂದರಂತೆ. ಅವತ್ತೇ ನನಗೆ ಕರೆ ಬಂತು. “ರವಿವಾರ ಬಾ” ಎಂದಿಷ್ಟೇ ಹೇಳಿ ಇಟ್ಟರು.

ಹೋದೆ. ವೈನಿಯನ್ನು ತರಕಾರಿಗೆ ಕಳಿಸಿದ್ದರು.

“ಕುಂದ್ರು,” ಅಂದರು. ಕೂತೆ. “ಅಂಗಡ್ಯಾಗ ನಿನಗ ಕೇಳಿಸಿತ್ತೋ ಇಲ್ಲೋ?”

“ಕೇಳಿಸಿತ್ತು ಸರ್.”

“ಅಂಗಡಿಯಂವಗ?”

“ಅವನಿಗೂ.”

“ಮತ್ತ ಇಬ್ಬರೂ ಹೆಂಗ ಸುಮ್ನಿದ್ರಿ? ನಾ ನಡುವಽ ಕುಂತಿದ್ನೆಲ್ಲ.”

ಸುಳ್ಳು ಹೇಳಲು ಆಗಲಿಲ್ಲ. “ನಾನು ಅವನಿಗೆ ಕೈಸನ್ನೆ ಮಾಡಿದೆ ಸರ್.”

ಹೊರಗೆ ಫಾಸ್ಟ್ ಲೋಕಲ್ ಒಂದು ಹೋಯಿತು.

“ಎಷ್ಟ ಮಂದೀಗೆ ನಾ ಹೇಳೀನಿ. ನೀನಽ ನೋಡೀದಿ. ನನಗೊಂದ ಮಾತ ಹೇಳಾಕ ನಿನಗ ಆಗಲಿಲ್ಲ?”

“ನಿಮಗೆ ಬೇಜಾರಾಗ್ತದೆ ಅಂತ...”

“ಬ್ಯಾಸರ ನಂದು ತಂಗಿ. ಅದನ್ನ ನೀ ಯಾಕ ಇಟ್ಕೊಂಡಿ?”

ಅವರು ಸಿಟ್ಟು ಮಾಡಲಿಲ್ಲ. ಎದ್ದು ಹೋಗಿ ತಾವೇ ಮಡಕೆಯಿಂದ ನೀರು ತಂದು ಕೊಟ್ಟರು. ನಾನು ಅಳುತ್ತಿದ್ದದ್ದು ಅವರಿಗೆ ಕೇಳಿಸಿತೋ ಇಲ್ಲವೋ ನನಗೆ ತಿಳಿಯಲಿಲ್ಲ. ಮೊದಲಾಗಿದ್ದರೆ ಕೇಳಿಸುತ್ತಿತ್ತು.

ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋದೆ. ಸಣ್ಣ ಕೋಣೆಯಲ್ಲಿ ಕೂರಿಸಿ, ಸದ್ದು ಕೇಳಿದಾಗಲೆಲ್ಲ ಗುಂಡಿ ಒತ್ತಿ ಎಂದರು. ನಾನು ಗಾಜಿನ ಹೊರಗೆ ನಿಂತಿದ್ದೆ. ಮೊದಮೊದಲು ಒತ್ತುತ್ತಿದ್ದರು. ಆಮೇಲೆ ಕೈ ಗುಂಡಿಯ ಮೇಲೆ ಹಾಗೇ ಇತ್ತು, ಒತ್ತಲಿಲ್ಲ. ತುಂಬ ಹೊತ್ತು ಒತ್ತಲಿಲ್ಲ. ಡಾಕ್ಟರರು ನರದ ತೊಂದರೆ ಅಂದರು. ಮೇಲಿನ ಸ್ವರಗಳು ಹೋಗಿವೆ, ಉಳಿದವೂ ಬೇಗ ಹೋಗುತ್ತಿವೆ, ಹಿಂದಕ್ಕೆ ತರಲು ಆಗುವುದಿಲ್ಲ. ಕಿವಿಗೆ ಯಂತ್ರ ಕೊಟ್ಟರು. ಅದು ಎಲ್ಲವನ್ನೂ ದೊಡ್ಡದು ಮಾಡಿತು, ಯಾವುದನ್ನೂ ಬಿಡಿಸಿ ಹೇಳಲಿಲ್ಲ. “ಸಂತ್ಯಾಗ ಕುಂತಂಗ ಆಗತೈತಿ” ಎಂದು ತೆಗೆದಿಟ್ಟರು.

ನಿಶಾ ಬೇರೆ ಮೈಕು ತರುತ್ತೇನೆ, ಮೊದಲನೆಯದನ್ನೇ ತರುತ್ತೇನೆ, ಮತ್ತೆ ಮಾಡೋಣ ಅಂಕಲ್ ಎಂದು ಎಷ್ಟು ಹೇಳಿದರೂ ಒಪ್ಪಲಿಲ್ಲ.

“ಅದು ಚಲೋ ಅಂತ ನೀ ಹೇಳತಿ. ಇರಬೇಕು. ನನಗ ತಿಳಿಯಲಾರದ್ದನ್ನ ನಾ ಹೆಂಗ ನಂಬಲಿ? ನಾ ಆಡಿದ್ದು ನನಗಽ ಕೇಳದಿದ್ರ ಮಂದೀಗೆ ಯಾಕ ಕೇಳಸಲಿ?”

ಆಮೇಲೆ ರೆಕಾರ್ಡಿಂಗ್ ಆಗಲೇ ಇಲ್ಲ. ಒಂದು ವರ್ಷದಲ್ಲಿ ಅವರು ಮನೆಯಿಂದ ಹೊರಗೆ ಹೋಗುವುದೂ ನಿಂತಿತು. ಜೀವಮಾನವಿಡೀ ಒಬ್ಬರೇ ಲೋಕಲ್ ಹತ್ತಿ ಇಳಿದವರು, ಹಳಿ ಬದಲಾಗುವ ಸದ್ದಿನಲ್ಲೇ ಕುರ್ಲಾ ಬಂತು ಎನ್ನುತ್ತಿದ್ದವರು, ಗಲ್ಲಿಯ ಬಾಯಲ್ಲಿ ಸ್ಕೂಟರ್ ಯಾವ ಕಡೆಯಿಂದ ಬರುತ್ತಿದೆ ಎಂದು ತಿಳಿಯದೆ ನಡುರಸ್ತೆಯಲ್ಲಿ ನಿಂತುಬಿಟ್ಟರಂತೆ. ಹಾಲಿನವರು ಕೈಹಿಡಿದು ಮನೆಗೆ ತಂದು ಬಿಟ್ಟರು. ಅವತ್ತೇ ಕೊನೆ. ಒಮ್ಮೆ ನಾನು ಹೋಗಿ ಕಿವಿಯ ಹತ್ತಿರ ಬಾಯಿಟ್ಟು, “ನಾನು ಸರ್” ಎಂದೆ. “ಯಾರದು, ಲೈಟ್ ಬಿಲ್ಲಿನವರಾ?” ಎಂದರು. ನಾನು ಕೈ ಹಿಡಿದ ಮೇಲೆ, ನನ್ನ ಬಳೆ ಸವರಿ ಗುರುತು ಹಿಡಿದರು. ಅವರ ಮುಖದಲ್ಲಿ ಆದ ನಾಚಿಕೆಯನ್ನು ನಾನು ನೋಡಬಾರದಿತ್ತು.

ಕಡೆಯ ನಾಲ್ಕೈದು ತಿಂಗಳು ಮಾತೇ ಬಿಟ್ಟಿದ್ದರು. ದನಿ ತಮಗೆ ಕೇಳದೆ ಎಷ್ಟು ಜೋರಾಗಿ ಆಡುತ್ತಿದ್ದೇನೆಂದು ತಿಳಿಯುವುದಿಲ್ಲ, ಚಾಳಿನವರು ಇಣುಕುತ್ತಾರೆ ಎಂದು ವೈನಿಗೆ ಹೇಳಿದ್ದರಂತೆ. ಬೇಕಾದಾಗ ಕೈ ತಟ್ಟುತ್ತಿದ್ದರು. “ನಾ ಮಾತಾಡಿದ್ರ ಕೇಳಸ್ತಿರಲಿಲ್ಲ, ಕೈ ಮಾಡಿದ್ರ ಕಾಣಸ್ತಿರಲಿಲ್ಲ. ಸುಮ್ನ ಬಾಜೂಕ ಕುಂತಿರ್ತಿದ್ದೆ,” ಎಂದರು ವೈನಿ.

ವೈನಿ ಇದನ್ನು ಹೇಳಿದ್ದು ಅವರು ತೀರಿಕೊಂಡು, ದಿನಕರ್ಮಗಳೆಲ್ಲ ಕಳೆದ ಮೇಲೆ ನಾನೂ ನಿಶಾಳೂ ಹೋಗಿದ್ದಾಗ. ಕೋಣೆಯಲ್ಲಿ ಮಂಚ ಎತ್ತಿ ಗೋಡೆಗೆ ನಿಲ್ಲಿಸಿದ್ದರು. ಚಹಾ ಕೊಟ್ಟು, ಸೆರಗಿನಿಂದ ಕೈ ಒರೆಸಿಕೊಂಡು, ವೈನಿ ಸಂಕೋಚದಿಂದ ಕೇಳಿದರು. “ಅವರು ಮಾತಾಡಿದ್ದು ನಿಮ್ಮ ಫೋನಿನ್ಯಾಗ ಐತಂತ. ನಾ ಕೇಳಽ ಇಲ್ಲ. ಅವರು ಕಿವಿಗೆ ಹಾಕ್ಕೊಂಡು ತಾವಽ ಕೇಳತಿದ್ರು. ಒಂದೀಟ ಹಚ್ಚತೀರೇನು?”

ನಿಶಾ ನನ್ನ ಮುಖ ನೋಡಿದಳು. ಮೊದಲನೆಯ ಕಂತನ್ನು ಹಾಕಿದಳು. ವೈನಿ ಫೋನನ್ನು ಎರಡೂ ಕೈಯಲ್ಲಿ ಹಿಡಿದು ಕಿವಿಯ ಹತ್ತಿರ ತಂದರು. ಒಂದು ಮಾತು, ಎರಡು ಮಾತು. ಹುಬ್ಬು ಗಂಟಾಯಿತು.

“ಇದ್ಯಾರು?”

“ಸರ್, ವೈನಿ. ಅವರೇ.”

ಮತ್ತೆ ಕೇಳಿದರು. ಅಫಜಲಪುರದವನು ನೀರು ಕುಡಿದ ಜಾಗದ ತನಕ ಕೇಳಿದರು. “ಮಾತ ಅವರವಽ,” ಎಂದರು. “ದನಿ ಅವರದಲ್ಲ. ಇದೇನಿದು ಸೀಟಿ ಹೊಡಿಯೂದು? ಅವರು ಹಿಂಗ ಮಾತಾಡ್ತಿರಲಿಲ್ಲ.”

ನಿಶಾ ಗಡಿಬಿಡಿಯಲ್ಲಿ ತನ್ನ ಲ್ಯಾಪ್‌ಟಾಪ್ ತೆಗೆದಳು. ಮೇಲಿನ ಸ್ವರಗಳನ್ನೆಲ್ಲ ಕತ್ತರಿಸಿದ ಇನ್ನೊಂದನ್ನು ಅವಳು ಸಿದ್ಧ ಮಾಡಿ ತಂದಿದ್ದಳು. ಅದು ಗೋಡೆಯ ಆಚೆ ಯಾರೋ ಮಾತಾಡಿದ ಹಾಗಿತ್ತು. ವೈನಿ ಒಂದು ನಿಮಿಷವೂ ಕೇಳಲಿಲ್ಲ. “ಇದೂ ಅಲ್ಲ” ಎಂದರು. ಬೇರೆ ಎಲ್ಲಿಯೂ ಅವರ ದನಿ ಉಳಿದಿಲ್ಲ. ಕಾರ್ಖಾನೆಯ ಹಳಬರನ್ನೆಲ್ಲ ಕೇಳಿದ್ದೆ; ಬೀಳ್ಕೊಡುಗೆಯ ಫೋಟೋಗಳಿದ್ದವು, ಅಷ್ಟೇ.

“ಇನ್ನೊಂದು ಸಲ ಸರಿ ಮಾಡಿ ತರ್ತೇವೆ ವೈನಿ,” ಎಂದೆ. ಸರಿಯಾಗುವುದಿಲ್ಲವೆಂದು ನಿಶಾ ನನಗೆ ಹಿಂದಿನ ದಿನವೇ ಹೇಳಿದ್ದಳು.

ವೈನಿ ಫೋನನ್ನು ನನ್ನ ಕೈಗೆ ವಾಪಸು ಇಟ್ಟರು.

“ಬ್ಯಾಡ ಯವ್ವಾ. ಅವರ ದನಿ ಇನ್ನಾ ನನಗ ನೆನಪೈತಿ. ಎಷ್ಟ ದಿನ ಇರ್ತೈತೋ ಗೊತ್ತಿಲ್ಲ. ಇದನ್ನ ಕೇಳಿಕೋಂತ ಕುಂತ್ರ ಅದೂ ಹೋಗತೈತಿ.”